ಮೂರನೇ ಟ್ಯೂಬಿನ ಹೆಸರು

ಕಳೆದ ವಾರ ನನ್ನ ಮೂಗಿಗೇ ಕಡ್ಡಿ ಬಿತ್ತು. ಎರಡು ದಿನದ ಜ್ವರ, ಕೆಮ್ಮು. ಇಷ್ಟು ವರ್ಷ ಊರವರ ಮೂಗಿಗೆಲ್ಲ ಕಡ್ಡಿ ಹಾಕಿದವನನ್ನು ನಮ್ಮ ಲ್ಯಾಬಿನವರು ಸುಮ್ಮನೆ ಬಿಡುತ್ತಾರೆಯೇ? ಕುರ್ಚಿಯಲ್ಲಿ ಕೂರಿಸಿ, ತಲೆ ಹಿಂದಕ್ಕೆ ಒರಗಿಸಿ, "ಏನೂ ಆಗಾಂಗಿಲ್ರಿ ಸರ, ಒಂದ ಸೆಕೆಂಡು" ಎಂದರು. ನಾನೇ ಎಲ್ಲರಿಗೂ ಹೇಳುತ್ತ ಬಂದ ಸುಳ್ಳು ಅದು. ಕಡ್ಡಿ ಒಳಗೆ ಹೋಗಿ ತಿರುಗಿದಾಗ ಎಡಗಣ್ಣಿನಿಂದ ನೀರು ಇಳಿಯಿತು. ಹಾಗೆಯೇ ನೀರು ಇಳಿದ ಇನ್ನೊಬ್ಬರ ಕಣ್ಣು ನೆನಪಾಯಿತು. ಅದನ್ನು ನಿಮಗೆ ಹೇಳಬೇಕು.

ನಾನು ರಾಯಬಾಗದ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಚಳಿಗಾಲ ಬಂತೆಂದರೆ ನಮ್ಮಲ್ಲಿ ಎಲ್ಲರೂ ಕೆಮ್ಮುತ್ತಾರೆ, ಪ್ರತಿ ಕೆಮ್ಮಿಗೂ ಒಂದು ಕಾರಣ ಇಟ್ಟುಕೊಂಡಿರುತ್ತಾರೆ: ಕಬ್ಬಿನ ಒಣಗರಿಯ ರವದಿ ಸುಟ್ಟ ಹೊಗೆ, ಕಾರ್ಖಾನೆಯ ಬೂದಿ, ನಸುಕಿನ ಇಬ್ಬನಿ. ಆ ಕೆಮ್ಮುಗಳೊಳಗೆ ಯಾವ ವೈರಸ್ ಓಡಾಡುತ್ತಿದೆ ಎಂದು ತಿಳಿಯಲು ವಾರಕ್ಕೊಮ್ಮೆ ನಾಲ್ಕೈದು ಮಂದಿಯ ಮೂಗು, ಗಂಟಲಿನ ಮಾದರಿ ತೆಗೆಯುತ್ತೇವೆ. ಗುಲಾಬಿ ಬಣ್ಣದ ದ್ರವವಿರುವ ಸಣ್ಣ ಟ್ಯೂಬಿನಲ್ಲಿ ಅದನ್ನು ಮುಳುಗಿಸಿ, ಬರ್ಫದ ಡಬ್ಬಿಯಲ್ಲಿಟ್ಟು ಬೆಳಗಾವಿಗೆ ಕಳಿಸುತ್ತೇವೆ. ವರದಿ ಬರುವ ಹೊತ್ತಿಗೆ ರೋಗಿ ಬಹುಮಟ್ಟಿಗೆ ಗುಣವಾಗಿ ಕೆಲಸಕ್ಕೆ ಹೋಗಿರುತ್ತಾನೆ. ಇದು ಮದ್ದು ಕೊಡಲು ಮಾಡುವ ಪರೀಕ್ಷೆಯಲ್ಲ, ಕಾವಲು ಕಾಯುವ ಪರೀಕ್ಷೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗಂತೂ ಇದು ಬೇಡದ ದಗದ, ದಂಡದ ಕೆಲಸ ಅನ್ನಿಸಿತ್ತು.

ಹಾಗೆ ಅನ್ನಿಸದೆ ಇದ್ದವರು ಶಾಂತಕ್ಕ, ನಮ್ಮ ಲ್ಯಾಬಿನ ಹಿರಿಯರು. ಚಿಕ್ಕೋಡಿಯಿಂದ ದಿನಾ ಬಸ್ಸಿನಲ್ಲಿ ಬರುವರು. ಕೈಚೀಲದಲ್ಲಿ ಹುರಿದ ಶೇಂಗಾ, ಬಾಯಲ್ಲಿ ಮಾತು. ಕಡ್ಡಿ ಕಂಡು ಮುಖ ತಿರುಗಿಸಿದ ಮುದುಕಿಗೆ, "ಮೂಗ ಚುಚ್ಚಿಸ್ಕೊಂಡ ನತ್ತ ಹಾಕ್ಕೊಂಡಿ, ಈ ಹತ್ತಿ ಕಡ್ಡಿಗೆ ಹೆದರ್ತಿಯೇನ ಆಯಿ?" ಎನ್ನುವರು. ಅವರದೊಂದು ಪದ್ಧತಿ ಇತ್ತು. ಯಾರದಾದರೂ ವರದಿ ಪಾಸಿಟಿವ್ ಬಂದರೆ, ಆ ಮನುಷ್ಯನನ್ನು ಹೋಗಿ ಕಾಣುವ ತನಕ ರಜಿಸ್ಟರಿನಲ್ಲಿ ಬರೆಯುತ್ತಿರಲಿಲ್ಲ. ಅಂಥ ನಿಯಮ ಎಲ್ಲಿಯೂ ಇರಲಿಲ್ಲ. "ಮಾರಿ ನೋಡದ ನಾ ಬರ್ಯಾಂಗಿಲ್ಲ ತಮ್ಮಾ" ಎಂದು ನನ್ನ ಬೈಕಿನ ಹಿಂದೆ ಕೂತುಬಿಡುವರು. ಬೈಕು ನನ್ನದು, ಹಟ ಅವರದು.

ನಾನಿನ್ನೂ ಹೊಸಬನಾಗಿದ್ದ ಆ ವರ್ಷ ಹಾರೂಗೇರಿಯ ಹೊರಗೆ ಕಬ್ಬು ಕಡಿಯುವವರು ಗುಡಿಸಲು ಹಾಕಿದ್ದರು. ಇಂಡಿ ಕಡೆಯವರು. ಅಲ್ಲಿ ಜ್ವರ ಎದ್ದಿದೆ ಎಂದು ಸುದ್ದಿ ಬಂದ ದಿನ ಶಾಂತಕ್ಕ ರಜೆಯಲ್ಲಿದ್ದರು. ನಾನೊಬ್ಬನೇ ಹೋದೆ. ಕೂಲಿಯವರನ್ನು ಕರೆತಂದ ಗುಂಪಿನ ಮುಕಾದಮ ಐದು ಜನರನ್ನು ಸಾಲಾಗಿ ಕೂರಿಸಿ, ಹೆಸರು ವಯಸ್ಸಿನ ಚೀಟಿಯನ್ನು ನನ್ನ ಕೈಗಿಟ್ಟ. ಮೊದಲೇ ಎಲ್ಲ ಬರೆದಿಟ್ಟುಕೊಂಡರೆ ಬೇಗ ಮುಗಿಯುತ್ತದೆ ಎಂಬುದು ಆಗ ನನ್ನ ಜಾಣತನ. ಚೀಟಿ ನೋಡಿ ಐದು ಫಾರ್ಮು, ಐದು ಟ್ಯೂಬು ಬರೆದು ಮುಗಿಸಿ, ಆಮೇಲೆ ಕಡ್ಡಿ ಕೈಗೆತ್ತಿಕೊಂಡೆ.

ಮೂರನೆಯವಳು ಬಸುರಿ. ಕಡ್ಡಿ ತಿರುಗಿದಾಗ ಅವಳ ಕಣ್ಣಿನಿಂದ ನೀರು ಇಳಿಯಿತು. ನಾನು ನೋಡಿದೆ, ಒರೆಸಿಕೊಳ್ಳಲು ಹತ್ತಿ ಕೊಟ್ಟೆ, ಕಡ್ಡಿಯನ್ನು ಮೂರನೇ ಟ್ಯೂಬಿಗೆ ಹಾಕಿದೆ. ಅದರ ಮೇಲೆ 'ಭೀಮಪ್ಪ, ಗಂಡು' ಎಂದಿತ್ತು. ಅದನ್ನು ನಾನು ನೋಡಲಿಲ್ಲ. ಇಲ್ಲ, ಅದು ಪೂರ್ತಿ ನಿಜವಲ್ಲ. ಕಣ್ಣಿಗೆ ಬಿದ್ದಿರಬೇಕು, ಮನಸ್ಸು ಆಗಲೇ ನಾಲ್ಕನೇ ಮೂಗಿಗೆ ಹೋಗಿತ್ತು. ಬಸುರಿಯಾದರೆ ಡಾಕ್ಟರಿಗೆ ಕೂಡಲೇ ತಿಳಿಸಲೆಂದು ಫಾರ್ಮಿನಲ್ಲಿ ಒಂದು ಜಾಗವಿದೆ. ಗಂಡಸಿನ ಫಾರ್ಮಿನಲ್ಲಿ ಅದು ಖಾಲಿ ಉಳಿಯುತ್ತದೆ. ಉಳಿಯಿತು. ಎಲ್ಲರಿಗೂ ಜ್ವರದ ಗುಳಿಗೆ ಕೊಟ್ಟು ನಾನು ಹೊರಟೆ.

ನಾಲ್ಕನೇ ದಿನ ವರದಿ ಬಂತು. ಐವರಲ್ಲಿ ಒಬ್ಬನಿಗೆ, ಭೀಮಪ್ಪನಿಗೆ, ಇನ್‌ಫ್ಲುಯೆಂಜಾ. ಶಾಂತಕ್ಕ ಚೀಲ ಹೆಗಲಿಗೇರಿಸಿದರು.

ಭೀಮಪ್ಪ ಕಬ್ಬಿನ ಹೊರೆಯನ್ನು ಟ್ರ್ಯಾಕ್ಟರಿಗೆ ಎಸೆಯುತ್ತಿದ್ದ. "ನನಗೇನ ಆಗೇತ್ರಿ? ಗುಂಡಕಲ್ಲ ಆಗೇನಿ" ಎಂದು ನಕ್ಕ. ಅವತ್ತು ಸಾಲಿನಲ್ಲಿ ಕೂತವರಲ್ಲಿ ಇವನಿದ್ದನೇ ಎಂದು ನಾನು ಯೋಚಿಸಲೇ ಇಲ್ಲ, ನನಗೆ ಸಮಾಧಾನವಾಯಿತು. ಬೈಕಿನ ಕಡೆ ತಿರುಗಿಯೂ ಬಿಟ್ಟಿದ್ದೆ.

ಶಾಂತಕ್ಕ ಅಲುಗಲಿಲ್ಲ. "ಅವತ್ತ ಮೂಗಿನಾಗ ಕಡ್ಡಿ ಹಾಕಿಸ್ಕೊಂಡಾಂವ ನೀನ ಏನಪಾ?"

"ನಾ ಅಲ್ರಿ ಬಾಯಾರ. ನಮ್ಮಾಕಿ."

"ಮತ್ತ ಹೆಸರ ನಿಂದ ಐತಲ್ಲ?"

"ಕೊಯ್ತಾದ ಹೆಸರ ನಂದ ಅಲ್ಲೇನ್ರಿ?" ಎಂದ, ಇದೇನು ಕೇಳುವ ಮಾತೇ ಎಂಬಂತೆ.

ಕಬ್ಬು ಕಡಿಯುವವರಲ್ಲಿ ಗಂಡ ಹೆಂಡತಿ ಸೇರಿ ಒಂದು ಕೊಯ್ತಾ, ಅಂದರೆ ಒಂದು ಕುಡುಗೋಲು. ಇಬ್ಬರು ದುಡಿದರೂ ಮುಕಾದಮನ ಚೀಟಿಯಲ್ಲಿ ಒಂದೇ ಹೆಸರು, ಗಂಡನದು. ಈ ಸೀಮೆಯಲ್ಲೇ ಹುಟ್ಟಿ ಬೆಳೆದ ನನಗೆ ಇದು ಗೊತ್ತಿತ್ತು. ಗೊತ್ತಿದ್ದೂ ಬರೆದಿದ್ದೆ.

ಅವಳು ಗುಡಿಸಲಿನೊಳಗೆ ಗೋಡೆಯ ತಟ್ಟಿಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರಾಡಲು ಆಗುತ್ತಿರಲಿಲ್ಲ. ಬಸುರಿನ ಆಯಾಸ ಎಂದು ಎಲ್ಲರೂ ತಿಳಿದಿದ್ದರು. ಶಾಂತಕ್ಕ ಅವಳ ಉಸಿರು ಎಣಿಸಿದರು, ಉಗುರು ನೋಡಿದರು, ನನ್ನ ಕಡೆ ನೋಡಲಿಲ್ಲ. "ದವಾಖಾನಿ ಗಾಡಿಗೆ ಫೋನ್ ಮಾಡು" ಎಂದರು, ಅಷ್ಟೇ.

ಮುಕಾದಮ ಅಡ್ಡ ಬಂದ. "ಬಾಯಾರ, ಸೀಜನ್ ನಡದೈತಿ. ಆಕಿ ಹೋದ್ರ ಕೊಯ್ತಾ ಮುರೀತೈತ್ರಿ."

"ಕೊಯ್ತಾ ಮುರದ್ರ ಮತ್ತೊಂದ ತರ್ತಿ. ಈಕಿನ್ನ ಎಲ್ಲಿಂದ ತರ್ತಿ? ಸರಿ ಬಾಜೂಕ." ಮತ್ತೆ ಅವಳ ಹತ್ತಿರ ಬಾಗಿ, "ನಿನ್ನ ಹೆಸರೇನವಾ?" ಎಂದು ಕೇಳಿದರು.

ಮಾದೇವಿ. ನಾನು ಅವಳ ಹೆಸರು ಕೇಳಿದ್ದು ಆಗಲೇ.

ಚಿಕ್ಕೋಡಿಯ ಒಂದು ಆಸ್ಪತ್ರೆಯಲ್ಲಿ ಮೂರು ದಿನ ಅವಳಿಗೆ ಆಕ್ಸಿಜನ್ ಹಚ್ಚಿದ್ದರು. ನಾನು ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದೆ. ಎರಡನೇ ದಿನ ಭೀಮಪ್ಪ ನನಗೂ ಒಂದು ಚಹಾ ತಂದ. ಕುಡಿಯಲಾಗಲಿಲ್ಲ. "ಹೆಸರ ತಪ್ಪ ಬರದಾಂವ ನಾನ" ಎಂದೆ. ಅವನು ತನ್ನ ಲೋಟವನ್ನು ಬೆಂಚಿನ ಮೇಲಿಟ್ಟ. "ಚೀಟಿ ಮುಕಾದಮಂದು, ಹೆಸರ ನಂದು. ನಿಮ್ಮ ಒಬ್ಬರದ ಹೆಂಗ ಆಕೈತ್ರಿ ತಪ್ಪ? ಹೊಳ್ಳಿ ಬಂದ್ರಲ್ಲ. ಚಹಾ ಆರತೈತಿ, ಕುಡೀರಿ." ಅದಕ್ಕೆ ನಾನು ಅರ್ಹನಾಗಿರಲಿಲ್ಲ. ಆದರೂ ಕುಡಿದೆ.

ಮಾದೇವಿ ಉಳಿದಳು. ಹೊಟ್ಟೆಯ ಕೂಸೂ ಉಳಿಯಿತು. ಬೇಸಿಗೆಯಲ್ಲಿ ಹೆಣ್ಣು ಕೂಸು ಹುಟ್ಟಿತೆಂದು ಇಂಡಿ ಕಡೆಯಿಂದ ಭೀಮಪ್ಪನ ಫೋನು ಬಂತು.

ಶಾಂತಕ್ಕ ನನ್ನನ್ನು ಬೈಯಲಿಲ್ಲ. ಆಕ್ಸಿಜನ್ ತೆಗೆದ ದಿನ ಮಾತ್ರ ನನ್ನನ್ನು ಕರೆದು, ಭೀಮಪ್ಪನ ಹೆಸರಿದ್ದ ಫಾರ್ಮಿನ ನಮ್ಮ ಪ್ರತಿಯನ್ನು ಮುಂದಿಟ್ಟರು. ನಾನು ಹೊಸ ಫಾರ್ಮಿಗೆ ಕೈ ಹಾಕಿದೆ. "ಹರೀಬ್ಯಾಡ. ಅದರ ಮ್ಯಾಲ ಗೆರಿ ಎಳದ ಬಾಜೂಕ ಖರೇದ್ದ ಬರಿ. ತಪ್ಪೂ ಕಾಣ್ಲಿ" ಎಂದರು. ಆಮೇಲೆ ಬೆಳಗಾವಿಗೆ ಫೋನ್ ಮಾಡಿ, ಮೂರನೆಯದು ಹೆಣ್ಣು, ಏಳು ತಿಂಗಳ ಬಸುರಿ, ತಿದ್ದಿಕೊಳ್ಳಿ ಎಂದು ನಿಧಾನವಾಗಿ ಹೇಳಿದರು. ಮರುವಾರ ಸುತ್ತಲಿನ ಗುಡಿಸಲುಗಳ ಬಸುರಿಯರನ್ನೆಲ್ಲ ಡಾಕ್ಟರು ಬಂದು ನೋಡಿದರು. ಕಾವಲು ಎಂದರೆ ಏನೆಂದು ನನಗೆ ತಿಳಿದದ್ದು ಆಗ. ಕಲಿಸಿದವರು ಈಗ ನಿವೃತ್ತರು. ಅವರ ಹಟಕ್ಕೆ ನಾನು ಬದುಕಿರುವ ತನಕ ಕೃತಜ್ಞ.

ಜ್ವರ ಬಿಟ್ಟ ಮೇಲೆ ಮೊನ್ನೆ ಮತ್ತೆ ಗುಡಿಸಲುಗಳಿಗೆ ಹೋಗಿದ್ದೆ. ಟ್ಯೂಬುಗಳೆಲ್ಲ ಖಾಲಿ ಚೀಟಿ ಅಂಟಿಸಿಕೊಂಡು ಕಾಯುತ್ತಿದ್ದವು. ಕೆಮ್ಮುತ್ತ ಬಂದು ಕೂತ ಹೆಣ್ಣುಮಗಳ ಹೆಸರು ಕೇಳಿದೆ.

"ಮುಕಾದಮರ ಹತ್ರ ಐತ್ರಿ."

"ಅದು ನಿಮ್ಮ ಯಜಮಾನರ ಹೆಸರ. ನಿಮ್ಮದು?"

ಪಕ್ಕದವಳನ್ನು ನೋಡಿ ನಕ್ಕಳು. "ನನ್ನ ಹೆಸರ ತಗೊಂಡ ಏನ ಮಾಡ್ತೀರಿ?"

"ಬೆಳಗಾವಿಗೆ ಕಳಸ್ತೀನ್ರಿ."

"ಅಷ್ಟ ದೂರ?" ಎಂದಳು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು. ಹಿಂದೆ ಇನ್ನೂ ನಾಲ್ವರು ಕಾಯುತ್ತಿದ್ದರು. ನಾನು ಬರೆದು, ಟ್ಯೂಬನ್ನು ಅವಳ ಮುಂದೆ ಹಿಡಿದು, ಹೆಸರನ್ನು ಓದಿ ಹೇಳಿದೆ.

"ಹೌದ್ರಿ, ನಾನ" ಎಂದಳು. ಆಮೇಲೆ ಕಡ್ಡಿ ಕೈಗೆತ್ತಿಕೊಂಡೆ.