ಧೈರ್ಯ ಹೇಳುವ ಮಾವ

ನೆಂಟರಲ್ಲಿ ಯಾರೇ ಹಾಸಿಗೆ ಹಿಡಿಯಲಿ, ಡಾಕ್ಟರಿಗಿಂತ ಮೊದಲು ಹಾಜರಾಗುವವನು ನಮ್ಮ ಸೋದರಮಾವ. ಅವನನ್ನು ಕಂಡೊಡನೆ ಎಂಥ ರೋಗಿಗೂ ಎದ್ದು ಓಡುವಷ್ಟು ಶಕ್ತಿ ಬರುತ್ತದೆ. ಕುರ್ಚಿ ಖಾಲಿಯಿದ್ದರೂ ಅವನು ಕೂರುವುದು ಮಂಚದ ಮೇಲೇ. ರೋಗಿಗೆಂದು ತಂದ ಕಿತ್ತಳೆಯ ನಾರೆಲ್ಲ ಬಿಡಿಸಿ, "ನಿಂಗೆ ಶೀತ ಆಗುತ್ತೆ" ಎಂದು ತಾನೇ ತಿನ್ನುತ್ತಾನೆ. ಆಮೇಲೆ ಧೈರ್ಯ ಹೇಳುವ ಕಾರ್ಯಕ್ರಮ: "ಏನೂ ಹೆದರ್ಬೇಡ, ನಮ್ಮ ಪಕ್ಕದ್ಮನೆ ಮೇಷ್ಟ್ರಿಗೂ ಥೇಟ್ ಹೀಗೇ ಆಗಿತ್ತು." ಮೇಷ್ಟ್ರು ಈಗ ಹೇಗಿದ್ದಾರೆಂದು ಮಾತ್ರ ಕೇಳಬಾರದು. ಕೇಳಿದರೆ, "ಹೋಗ್ಬಿಟ್ರು, ಪಾಪ. ಆದ್ರೆ ಕೊನೇವರೆಗೂ ಧೈರ್ಯವಾಗಿದ್ರು" ಎನ್ನುತ್ತಾನೆ. ಅಮ್ಮನಿಗೆ ಹೊಟ್ಟೆಯ ಆಪರೇಷನ್ ಆದಾಗ ಇವನನ್ನು ಬಾಗಿಲಲ್ಲೇ ತಡೆಯಬೇಕೆಂದು ಮಕ್ಕಳೆಲ್ಲ ಮಾತಾಡಿಕೊಂಡೆವು. ಕಾಳಜಿಯಲ್ಲಿ ನಾವೇನು ಕಡಿಮೆಯೇ? ಅಣ್ಣ ಹೂಗುಚ್ಛ ತಂದಿದ್ದ, ಅತ್ತಿಗೆ ಅದರ ಪಕ್ಕದಲ್ಲಿ ಅಮ್ಮನ ಫೋಟೊ ತೆಗೆದು ಎಲ್ಲರಿಗೂ ಕಳಿಸಿದ್ದಳು, ಬಂದ ಹಾರೈಕೆಗಳನ್ನೆಲ್ಲ ನಾನು ಗಟ್ಟಿಯಾಗಿ ಓದುತ್ತಿದ್ದೆ. ಅಮ್ಮ ಮಾತ್ರ ಕಾಲ ಮೇಲಿನ ಹೊದಿಕೆ ಸರಿಸುತ್ತಲೇ ಇದ್ದಳು. ನೋವಿನ ಸಿಡುಕು ಎಂದು ನಾವು ಮತ್ತೆ ಮತ್ತೆ ಹೊದಿಸುತ್ತಲೇ ಇದ್ದೆವು. ಮಾವ ಹೇಗೋ ಒಳನುಗ್ಗಿ, ಮಂಚದ ತುದಿಯಲ್ಲಿ ಕೂತು, ಮೇಷ್ಟ್ರ ಕಥೆ ಶುರುಮಾಡಿದ. ಹೇಳುತ್ತಲೇ ಜೇಬಿನಿಂದ ನೇಲ್‌ಕಟರ್ ತೆಗೆದು, ತನ್ನ ತಂಗಿಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಹೊದಿಕೆಗೆ ಸಿಕ್ಕಿಕೊಳ್ಳುತ್ತಿದ್ದ ಸೀಳು ಉಗುರುಗಳನ್ನು ಒಂದೊಂದಾಗಿ ಕತ್ತರಿಸತೊಡಗಿದ. ಮೇಷ್ಟ್ರು ಸಾಯುವ ಹೊತ್ತಿಗೆ ಒಂದು ಕಾಲು ಮುಗಿದಿತ್ತು. "ಆಮೇಲೆ ಯಾರು ಹೋದ್ರು?" ಎನ್ನುತ್ತ ಅಮ್ಮ ಇನ್ನೊಂದು ಕಾಲು ಚಾಚಿದಳು.