ಹೆಗಲ ಮಡಿಕೆ

ಜಪಾನಿನಲ್ಲಿ ಗೆನ್‌ರೋಕು ಎಂಬ ಶಕೆಯ ವರ್ಷಗಳು ನಡೆಯುತ್ತಿದ್ದ ಕಾಲ. ಒಸಾಕಾದ ದೋತೊನ್‌ಬೋರಿ ಕಾಲುವೆಯ ದಡದಲ್ಲಿದ್ದ ಬೊಂಬೆಯಾಟದ ಮನೆಯಲ್ಲಿ ಒಮಾಸ ಬೊಂಬೆಗಳಿಗೆ ಉಡುಪು ಹೊಲಿಯುತ್ತಿದ್ದಳು. ಗಂಡ ತೀರಿಕೊಂಡಾಗ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಬಂದವಳಿಗೆ ಯಜಮಾನ ಜಿನ್‌ಬೆಯಿ ಹಿಂದಿನ ಕೋಣೆ ಬಿಟ್ಟುಕೊಟ್ಟಿದ್ದ. ಆ ಕೂಸು ಒಸಾಯೊ, ಬಟ್ಟೆಯ ಚೂರುಗಳ ನಡುವೆಯೇ ಬೆಳೆದಳು. ಹೆಣ್ಣುಬೊಂಬೆಗಳಿಗೆ ಕಾಲಿರುವುದಿಲ್ಲ, ಆಡಿಸುವವನ ಕೈ ಉಡುಪಿನ ಕೆಳಗಿನಿಂದ ಒಳಹೊಕ್ಕು ತಲೆಯನ್ನು ಹಿಡಿಯುತ್ತದೆ. ಅದನ್ನು ನೋಡಿ ಪುಟ್ಟ ಒಸಾಯೊ, "ಅಮ್ಮ, ಇವಳು ಓಡಿಹೋಗೋದು ಹೇಗೆ?" ಎಂದು ಕೇಳಿದಾಗ ಎಲ್ಲರೂ ನಕ್ಕಿದ್ದರು.

ಆ ವಸಂತದಲ್ಲಿ, ಹರೆಯಕ್ಕೆ ಬಂದಿದ್ದ ಒಸಾಯೊ ತಾನು ಮೆಚ್ಚಿದ ಛತ್ರಿ ಅಂಗಡಿಯ ಗುಮಾಸ್ತನೊಬ್ಬನ ಜೊತೆ ಊರಾಚೆಯ ತೋಪಿನಲ್ಲಿ ತಾನೇ ಪ್ರಾಣ ಕಳೆದುಕೊಂಡಳು. ಅವನ ಧಣಿ ಅವನಿಗೆ ಬೇರೆ ಹೆಣ್ಣು ಗೊತ್ತುಮಾಡಿದ್ದ. ಒಸಾಯೊ ತೊಟ್ಟಿದ್ದ ನೀಲಿ ಹಕ್ಕಿಗಳ ಉಡುಪು ಅವಳ ಜೊತೆಗೇ ಬೂದಿಯಾಯಿತು. ಒಮಾಸಳ ಪೆಟ್ಟಿಗೆಯಲ್ಲಿ ಅದೇ ಬಟ್ಟೆಯ ಒಂದು ತುಂಡು ಉಳಿದಿತ್ತು. ಹೋದವರ ಬಟ್ಟೆಯನ್ನು ಗುಡಿಗೆ ಕೊಟ್ಟರೆ ಬುದ್ಧನ ಪೀಠಕ್ಕೆ ಹಾಸುತ್ತಾರೆ. ನಲವತ್ತೊಂಬತ್ತನೆಯ ದಿನದವರೆಗೆ ಜೀವ ದಾರಿಯಲ್ಲೇ ಇರುತ್ತದೆ. ಅಷ್ಟರೊಳಗೆ ಆ ತುಂಡು ಪೀಠ ಸೇರಬೇಕು. ಒಮಾಸಳಿಗೆ ಬೇರೇನೂ ಬೇಕಿರಲಿಲ್ಲ.

ಆಗಲೇ ಎದುರಿನ ಆಟದ ಮನೆಯವರು ಈ ಸಾವಿನ ಮೇಲೆ ಆಟ ಕಟ್ಟುತ್ತಿದ್ದಾರೆಂಬ ಸುದ್ದಿ ಬಂತು. ಜಿನ್‌ಬೆಯಿ ಅವಳ ಕೋಣೆಯ ಬಾಗಿಲಲ್ಲಿ ಬಂದು ಕೂತ.

"ಅವ್ರು ಹೇಗೂ ಆಡ್ತಾರೆ ಒಮಾಸ. ನಾವಾದ್ರೆ ಮರ್ಯಾದೆಯಿಂದ ಆಡ್ತೀವಿ. ಹೆಸರು ಬದಲಾಯಿಸ್ತೀನಿ."

"ಆಡಿ ಯಜಮಾನ್ರೆ. ಬೇಡ ಅನ್ನೋಕೆ ನಾನ್ಯಾರು."

"ಬಟ್ಟೆ ಮಾತ್ರ ಅದೇ ಆಗ್ಬೇಕು. ಆ ನೀಲಿ ಹಕ್ಕಿ ಊರಿಗೆಲ್ಲ ಗೊತ್ತು. ನಿನ್ನ ಹತ್ರ ತುಂಡಿದೆಯಲ್ಲ."

"ಅದು ಬುದ್ಧಂದು."

"ಬೊಂಬೆ ನಾಲ್ಕು ದಿನ ತೊಟ್ಟ ಮಾತ್ರಕ್ಕೆ ಬುದ್ಧಂದು ಅಲ್ದೆ ಹೋಗತ್ತಾ? ಈಗಿನ ಕಾಲದಲ್ಲಿ ಯಾವ ಆಟ ತಾನೆ ಓಡ್ತಿದೆ, ಹೇಳು. ಮುಗಿದ ದಿನ ನಾನೇ ಗುಡಿಗೆ ಹೊತ್ಕೊಂಡು ಬರ್ತೀನಿ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಆಟದ ಮನೆ ಭಣಗುಡುತ್ತಿತ್ತು. ತಂತಿವಾದ್ಯ ನುಡಿಸುವವನು ಬೆಳಗ್ಗೆ ಮೀನು ಮಾರಿ ಬರುತ್ತಿದ್ದ. ಒಮಾಸ ಪೆಟ್ಟಿಗೆ ತೆರೆದಳು.

ಹೊಲಿದು ತಂದದ್ದನ್ನು ಬೊಂಬೆಯಾಡಿಸುವ ಸಾಂಜಿರೊ ಎತ್ತಿ ನೋಡಿದ. "ಏನಕ್ಕಯ್ಯ, ಹೆಗಲಲ್ಲಿ ಮಡಿಕೆ ಇಟ್ಟಿದೀಯ? ನನ್ನ ಬೊಂಬೆ ಇನ್ನೂ ಉದ್ದ ಆಗತ್ತಾ?"

ಬೆಳೆಯುವ ಮಕ್ಕಳ ಉಡುಪಿನ ಹೆಗಲಲ್ಲಿ ಬಟ್ಟೆ ಮಡಿಚಿ ಹೊಲಿದು, ಬೆಳೆದಂತೆ ಬಿಡಿಸುವುದು ತಾಯಂದಿರ ರೂಢಿ. ಒಸಾಯೊಳ ಮಡಿಕೆಯನ್ನು ಅವಳು ಕಳೆದ ಹೊಸವರ್ಷಕ್ಕೆ ಪೂರ್ತಿ ಬಿಡಿಸಿದ್ದಳು. ಕೈ ಅದನ್ನು ಮರೆತಿತ್ತು.

"ಬಿಚ್ಚಿ ಕೊಡ್ತೀನಿ."

ಅವಳ ಮುಖ ನೋಡಿ ಸಾಂಜಿರೊನ ನಗು ನಿಂತಿತು. "ಇರ್ಲಿ ಬಿಡು. ತೋಳು ಹೀಗೇ ಚೆನ್ನಾಗಿ ಕೂರತ್ತೆ."

ಆಟ ಗೆದ್ದಿತು. ಹೆಸರು ಬದಲಾಯಿಸಿದ್ದರೇನು, ನೀಲಿ ಹಕ್ಕಿ ಕಂಡೊಡನೆ ಜನ "ಒಸಾಯೊ" ಎಂದೇ ಕೂಗಿದರು. ವಾರಗಳು ಕಳೆದವು. ದಿನವೂ ಆಟ ಮುಗಿದ ಮೇಲೆ, ಸಾಂಜಿರೊನ ಕೈ ಉಜ್ಜಿ ಸವೆದ ಅಂಚನ್ನು ಒಮಾಸಳೇ ಹೊಲಿದುಕೊಡಬೇಕು. ಬೆವರಿಗೆ, ದೀಪದ ಹೊಗೆಗೆ ನೀಲಿ ಬೂದಾಯಿತು. ತಾನು ಗಟ್ಟಿಯಾಗಿ ಹೊಲಿದಷ್ಟೂ ಆಟ ಮುಂದಕ್ಕೆ ಓಡುತ್ತಿದೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಹಾಗೆಂದು ಸಡಿಲವಾಗಿ ಹೊಲಿಯಲು ಕೈ ಬರಲಿಲ್ಲ.

ನಲವತ್ತೊಂಬತ್ತನೆಯ ದಿನ ಬೆಳಗ್ಗೆ ಅವಳು ಜಿನ್‌ಬೆಯಿಯ ಮುಂದೆ ನಿಂತಳು. ಅವನು ತಲೆ ತಗ್ಗಿಸಿದ.

"ಹೊರಗೆ ನೋಡಮ್ಮ, ಸೇತುವೆ ತನಕ ಜನ. ಬೇರೆ ಬಟ್ಟೆ ಹಾಕಿದ್ರೆ ಸುಮ್ನಿರ್ತಾರಾ? ನೂರನೇ ದಿನದ ಪೂಜೆಗೆ ಕೊಡೋಣ. ಬುದ್ಧ ಕಾಯ್ತಾನೆ."

"ಬುದ್ಧ ಕಾಯ್ತಾನೆ ಯಜಮಾನ್ರೆ. ಅವಳು ಕಾಯಲ್ಲ."

ಅವನ ಕಣ್ಣು ತುಂಬಿತು. ಆದರೆ ಬಾಗಿಲು ತೆರೆಯಲು ಹೇಳಿ ಹೊರಟುಹೋದ.

ಒಮಾಸ ಒಳಗೆ ಬಂದು ಬೊಂಬೆಯ ಹೆಗಲಿನ ಹೊಲಿಗೆ ಬಿಚ್ಚಿದಳು. ಮಡಿಕೆಯೊಳಗೆ ಹೊಗೆ ತಾಗಿರಲಿಲ್ಲ, ಬೆವರೂ ಇಳಿದಿರಲಿಲ್ಲ. ಬೆರಳಗಲದ ಪಟ್ಟಿಯಲ್ಲಿ ಅದೇ ನೀಲಿ, ಒಂದು ಹಕ್ಕಿ. ಕತ್ತರಿ ಪಕ್ಕದಲ್ಲೇ ಇತ್ತು. ಕತ್ತರಿಸಿದರೆ ತೋಳು ಕಳಚಿ ಬೀಳುತ್ತದೆ.

ಹೊರಗೆ ಮರದ ತಾಳ ಬಡಿಯಿತು. ಕತೆ ಹಾಡುವವನು ಪದ್ಧತಿಯಂತೆ ಹೊತ್ತಗೆಯನ್ನು ಹಣೆಗೆತ್ತಿಕೊಂಡ.

"ಅಕ್ಕಯ್ಯ, ಹೊತ್ತಾಯ್ತು," ಎಂದು ಸಾಂಜಿರೊ ಬೇರೆ ಕಡೆ ನೋಡುತ್ತ ಕೈ ಚಾಚಿದ.

ಅವಳು ಆ ಪಟ್ಟಿಯನ್ನು ಹಣೆಗೊತ್ತಿಕೊಂಡಳು. ಮತ್ತೆ ಮಡಿಚಿ ಹೊಲಿದು, ನೂಲನ್ನು ಹಲ್ಲಿನಿಂದ ಕಡಿದು ಕೊಟ್ಟಳು. ಅವನ ಕೈ ಕೆಳಗಿನಿಂದ ಒಳಗೆ ಹೋಯಿತು. ಬೊಂಬೆ ತಲೆಯೆತ್ತಿತು.