ಬೆಲ್ಲ ಕಾಸಿದವರು ಯಾರು

ಹುನಗುಂದದ ನಮ್ಮ ಮನೆಯಲ್ಲಿ ಇರುವವರು ಇಬ್ಬರೇ. ಕಮತಗಿಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತಳಾದ ನಾನು, ಬಾಗಲಕೋಟೆಯಲ್ಲಿ ನರ್ಸ್ ಆಗಿದ್ದ ನನ್ನಕ್ಕ. ಭಾವ ತೀರಿಕೊಂಡ ಮೇಲೆ ಅಕ್ಕ ಇಲ್ಲಿಗೆ ಬಂದಳು. ಬರುವಾಗ ಮೇಲೆ ಕರಿಗಾಜು ಹಾಸಿದ ತನ್ನ ಗ್ಯಾಸ್ ಒಲೆಯನ್ನೂ ತಂದಳು.

ಅವತ್ತು ಬೆಳಿಗ್ಗೆ ನಾನು ಮೆಂತ್ಯಪಲ್ಯದ ಕಟ್ಟು ತಗೊಂಡು ಸಂತೆಯಿಂದ ಬಂದರೆ ಬಾಗಿಲಲ್ಲೇ ಸುಟ್ಟ ವಾಸನೆ. ಒಳಗೆ ಹೋಗಿ ನೋಡಿದೆ. ಎಡಗಡೆಯ ಬರ್ನರ್ ಸುತ್ತ ಬೆಲ್ಲ ಉಕ್ಕಿ, ಸುಟ್ಟು, ಡಾಂಬರಿನ ಹಾಗೆ ಗಾಜಿಗೆ ಹತ್ತಿಕೊಂಡಿತ್ತು. ಗ್ಯಾಸ್ ಮಾತ್ರ ಬಂದ್ ಆಗಿತ್ತು. ಸೀದ ಪಾತ್ರೆಯನ್ನು ಯಾರೋ ನೀರು ಹಾಕಿ ನೆನೆಯಲು ಇಟ್ಟಿದ್ದರು.

ಅಕ್ಕ ಲಿಂಗಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡೇ ಬಂದಳು.

"ಏನ ಮಾಡಿದ್ಯವಾ ಇದು?" ಅಂದಳು.

"ನಾ ಈಗ ಬಂದೇನಿ. ನೀನ ಇಟ್ಟಿರಬೇಕು."

"ನಾ ಪೂಜಾಕ್ಕ ಕುಂತಿದ್ದೆ. ಶೇಂಗಾ ಉಂಡಿ ಮಾಡ್ತೇನಿ ಅಂತ ನೀನ ಅಂದಿದ್ದಿ."

ಅಂದಿದ್ದು ಖರೆ. ಆದರೆ ಬೆಲ್ಲ ಒಲೆಯ ಮೇಲಿಟ್ಟ ನೆನಪು ನನಗಿರಲಿಲ್ಲ. ಇಡಲಿಲ್ಲ ಎಂಬ ನೆನಪೂ ಇರಲಿಲ್ಲ. ಸಂತೆಗೆ ಹೊರಡುವ ಮುಂಚೆ ಅಡುಗೆಮನೆಗೆ ಹೋಗಿದ್ದೆನೇ? ಚೀಲ ಅಲ್ಲೇ ತೂಗುಹಾಕಿರುತ್ತದೆ, ಹೋಗಿರಲೇಬೇಕು.

ಅಕ್ಕ ಪಾತ್ರೆ ತಿಕ್ಕುವ ತಂತಿಯ ಜುಂಗು ಹಿಡಿದುಬಿಟ್ಟಿದ್ದಳು. "ಗೆರಿ ಬೀಳ್ತಾವ, ಬ್ಯಾಡ," ಎಂದು ಕಸಿದುಕೊಂಡೆ. ಗಾಜು ಪೂರ್ತಿ ಆರುವವರೆಗೆ ಕಾದೆವು. ಕಲೆಯ ಮೇಲೆ ಅಡುಗೆ ಸೋಡಾ ಉದುರಿಸಿ, ನಿಂಬೆಹಣ್ಣು ಹಿಂಡಿ, ಬಿಸಿನೀರಲ್ಲಿ ಅದ್ದಿದ ಅರಿವೆ ಮುಚ್ಚಿ ಅರ್ಧ ತಾಸು ಬಿಟ್ಟೆವು. ಆಮೇಲೆ ಹಳೆಯ ಎಟಿಎಂ ಕಾರ್ಡನ್ನು ಓರೆಯಾಗಿ ಹಿಡಿದು ಒಂದೊಂದೇ ಪದರ ಎಬ್ಬಿಸಿದೆವು. ಎರಡು ಸಲ ಸೋಡಾ ಹಾಕಬೇಕಾಯಿತು. ಮೊದಮೊದಲು ಒಬ್ಬರ ಮೇಲೊಬ್ಬರು ತಪ್ಪು ಹಾಕುತ್ತಲೇ ಕೆರೆಯುತ್ತಿದ್ದೆವು. ಕರಿ ಬಿಟ್ಟುಕೊಳ್ಳುತ್ತ ಹೋದಂತೆ ಗಾಜು ಮತ್ತೆ ಹೊಳೆಯತೊಡಗಿತು.

"ನಾನ ಇಟ್ಟಿರಬೇಕು ಬಿಡು," ಎಂದೆ ಕೊನೆಗೆ.

ಅಕ್ಕ ಕೈ ನಿಲ್ಲಿಸಿದಳು. "ಪೂಜಾದಾಗ ನಡುವ ಒಮ್ಮೆ ಎದ್ದಿದ್ದೆ ಅನಸ್ತದ. ಯಾಕ ಎದ್ದೆ, ಗೊತ್ತಿಲ್ಲ."

ನನಗೆ ಅಂಜಿಕೆಯಾಯಿತು. ಯಾರ ಸಲುವಾಗಿ ಅಂಜಬೇಕು ಎಂಬುದೇ ತಿಳಿಯಲಿಲ್ಲ.

"ನಾಳೆ ದವಾಖಾನಿಗೆ ಹೋಗೋಣು. ಇಬ್ಬರೂ ತೋರಸೋಣು," ಎಂದಳು.

"ಇಬ್ಬರೂ ಯಾಕ?"

"ಯಾರಿಗೆ ತೋರಸಬೇಕಂತ ನಿನಗ ಗೊತ್ತೈತೇನು?"

ಮರುದಿನ ಡಾಕ್ಟರು, "ಯಾರಿಗೆ ಆರಾಮಿಲ್ರಿ?" ಎಂದು ಕೇಳಿದಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವರು ಇಬ್ಬರಿಗೂ ವಾರ, ತಿಂಗಳು ಕೇಳಿದರು, ನೂರರಿಂದ ಹಿಂದಕ್ಕೆ ಎಣಿಸಲು ಹೇಳಿದರು. ಇಬ್ಬರೂ ಸರಿಯಾಗಿಯೇ ಎಣಿಸಿದೆವು. "ವಯಸ್ಸಿಗೆ ತಕ್ಕ ಮರವ್ರಿ, ಚಿಂತಿ ಮಾಡಬ್ಯಾಡ್ರಿ," ಎಂದರು.

ಅಕ್ಕನಿಗೆ ಸಮಾಧಾನವಾಯಿತು. ಆಟೋದಲ್ಲಿ ಬರುವಾಗ, ಈಗಲಾದರೂ ಉಂಡಿ ಕಟ್ಟೋಣ ಎಂದಳು. ನಾನು ಹೂಂ ಅಂದೆ. ಅಂದಿನಿಂದ ಒಲೆ ಹಚ್ಚಿದವರು ಅಡುಗೆಮನೆ ಬಿಟ್ಟು ಕದಲಬಾರದೆಂದು ಮಾತಾಗಿದೆ. ಆದರೂ ಅಕ್ಕ ಒಲೆಯ ಮುಂದೆ ನಿಂತಾಗ ನಾನು ಇಣುಕಿ ನೋಡುತ್ತೇನೆ. ನಾನು ನಿಂತಾಗ ಅವಳೂ ನೋಡುತ್ತಾಳೆ.